ಬಿ650 ಮದರ್‌ಬೋರ್ಡ್: ಬದಲಿಸಿಕೊಡುವ ಅವಧಿಯೊಳಗೆ ಏನೇನು ಪರೀಕ್ಷಿಸಬೇಕು?

ಹೊಸ_ಕ್ಯಾಬಿನೆಟ್:
ರೈಜನ್ 7 7700 ಸಿಪಿಯು, ಬಿ650 ಮೈಕ್ರೋ ಎಟಿಎಕ್ಸ್ ಬೋರ್ಡ್, 16 ಜಿಬಿಯ ಎರಡು ಡಿಡಿಆರ್5-6000 ರ‍್ಯಾಮ್ ಸ್ಟಿಕ್, ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್. ಅಂಗಡಿಯವರು 7 ದಿನದೊಳಗಾದರೆ ಬದಲಿಸಿಕೊಡುತ್ತಾರೆ, ಆಮೇಲೆ ಸರ್ವಿಸ್ ಸೆಂಟರೇ ಗತಿ. ಗೇಮ್ ಆಡಿ ನೋಡಿದರೆ ಸಾಕಾ? ಲೇಔಟ್‌ನಲ್ಲಿ ಏನು ನೋಡಬೇಕು?

ಬಯಾಸ್_ಬಸವ:
ಗೇಮ್ ಸಾಲದು. ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ, ಎಕ್ಸ್‌ಪೋ (ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್) ಮುಟ್ಟದೆ ಬೂಟ್ ಮಾಡಿ. ನಾಲ್ಕು ಸ್ಲಾಟ್ ಇದ್ದರೆ ಸಿಪಿಯು ಕಡೆಯಿಂದ 2 ಮತ್ತು 4ನೆಯದಕ್ಕೆ ರ‍್ಯಾಮ್ ಹಾಕಿ. ಮೊದಲ ಸಲ ಮೆಮೊರಿ ಟ್ರೇನಿಂಗ್ (ರ‍್ಯಾಮ್‌ಗೆ ಹೊಂದುವ ಲೆಕ್ಕ ಹಾಕಿಕೊಳ್ಳುವ ಕೆಲಸ) ಮುಗಿಯುವ ತನಕ ಪರದೆ ಕೆಲವು ನಿಮಿಷ ಕಪ್ಪಾಗೇ ಇರುತ್ತದೆ. ಬೋರ್ಡ್ ಸತ್ತಿದೆ ಅಂತ ಪವರ್ ಕಿತ್ತರೆ ಮತ್ತೆ ಮೊದಲಿಂದ ಶುರು.

ಡೀಫಾಲ್ಟ್‌ನಲ್ಲೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಪಾಸ್ (ಸುತ್ತು) ಓಡಿಸಿ, ರಾತ್ರಿ ಬಿಟ್ಟು ಮಲಗಿದರಾಯಿತು. ಒಂದೇ ಒಂದು ಎರರ್ ಬಂದರೂ ಬಿಡಬೇಡಿ. ಸ್ಟಿಕ್‌ಗಳನ್ನು ಒಂದೊಂದಾಗಿ ಅದೇ ಸ್ಲಾಟಿಗೆ ಹಾಕಿ ನೋಡಿ: ಎರರ್ ಸ್ಟಿಕ್ ಜೊತೆ ಓಡಾಡಿದರೆ ರ‍್ಯಾಮ್, ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್, ಇಲ್ಲವೇ ಬಾಗಿದ ಸಾಕೆಟ್ ಪಿನ್. ಎಕ್ಸ್‌ಪೋ ಹಾಕಿದ ಮೇಲೆ ಮಾತ್ರ ಬಂದರೆ ಬೋರ್ಡನ್ನು ದೂರಿ ಪ್ರಯೋಜನವಿಲ್ಲ. 7700ಗೆ ಎಎಂಡಿ ಒಪ್ಪಿಕೊಂಡಿರುವ ರ‍್ಯಾಮ್ ವೇಗ 5200 ಮಾತ್ರ, 6000 ಅಂದರೆ ಓವರ್‌ಕ್ಲಾಕೇ (ಮಿತಿ ಮೀರಿದ ವೇಗ). ಆಗ ಎಸ್ಒಸಿ ವೋಲ್ಟೇಜ್ (ಸಿಪಿಯುವಿನ ಮೆಮೊರಿ ಕಂಟ್ರೋಲರ್ ಭಾಗಕ್ಕೆ ಹೋಗುವುದು) 1.30 ವೋಲ್ಟ್ ದಾಟದಂತೆ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಕಣ್ಣಿಡಿ.

ಕೊನೆಗೆ ಸಿಪಿಯು, ರ‍್ಯಾಮ್‌ಗೆ ಭಾರಿ ಲೋಡ್ ಕೊಡುವ ವೈ-ಕ್ರಂಚರ್ ಒಂದು ಗಂಟೆ, ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೂ ಲೋಡ್ ಕೊಟ್ಟು. ಕಾರ್ಡಿನ ಬಿಸಿ ಗಾಳಿ ತಾಗಿ ರ‍್ಯಾಮ್ ಕಾದಾಗಷ್ಟೇ ಹೊರಬೀಳುವ ತಪ್ಪುಗಳಿವೆ, ಮೆಮ್‌ಟೆಸ್ಟ್‌ಗೆ ಅವು ಸಿಗುವುದಿಲ್ಲ. ಆಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ-ಲಾಗರ್ (ಹಾರ್ಡ್‌ವೇರ್ ಎರರ್ ದಾಖಲೆ) ಹುಡುಕಿ. ಈವೆಂಟ್ ಐಡಿ 18, 19 ಇದ್ದರೆ ಸಿಪಿಯು ಅಥವಾ ಮೆಮೊರಿ ಕಡೆ ತೊಂದರೆ. 17 ಇದ್ದರೆ ಪಿಸಿಐಇ ಲಿಂಕ್ (ಕಾರ್ಡ್, ಬೋರ್ಡ್ ನಡುವಿನ ಸಂಪರ್ಕ), ಕಾರ್ಡನ್ನು ದೂರದಲ್ಲಿ ಕೂರಿಸುವ ರೈಸರ್ ಕೇಬಲ್ ಹಾಕಿದ್ದರೆ ಮೊದಲು ಅದನ್ನೇ ತೆಗೆದು ನೋಡಿ.

ವಿಆರ್‌ಎಂ (ಬೋರ್ಡಿನಲ್ಲಿ ಸಿಪಿಯುಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 7700 ಎಳೆಯುವುದು 88 ವ್ಯಾಟ್. ಮುಂದೆ 230 ವ್ಯಾಟ್‌ನ 7950ಎಕ್ಸ್ ಹಾಕುವ ಯೋಚನೆಯಿದ್ದು, ಮನೆ ರಾಯಚೂರು, ಕಲಬುರಗಿ ಕಡೆಯದಾದರೆ ಬೇರೆ ಮಾತು.

ಸ್ಕ್ರೂಡ್ರೈವರ್:
ಲೇಔಟ್ ವಿಷಯ. ಸಿಪಿಯು ಕೂರಿಸುವ ಮುಂಚೆ ಸಾಕೆಟ್ಟಿನ ಫೋಟೋ ತೆಗೆದಿಡಿ. ಈ ಬೋರ್ಡಿನ ಎಎಂ5 ಸಾಕೆಟ್ಟಿನಲ್ಲಿ 1718 ಪಿನ್‌ಗಳೂ ಬೋರ್ಡಿನಲ್ಲೇ ಇವೆ. ಒಂದು ಬಾಗಿದ್ದರೂ ವಾರಂಟಿ ಸಿಗುವುದು ಕಷ್ಟ.

ಮೂರು ಸ್ಲಾಟ್ ಅಂದರೆ ಸುಮಾರು 61 ಮಿ.ಮೀ. ಮೈಕ್ರೋ ಎಟಿಎಕ್ಸ್‌ನಲ್ಲಿ ಅದರಡಿ ಏನೇನು ಮುಚ್ಚಿಹೋಗುತ್ತದೆ ನೋಡಿ: ಎರಡನೇ ಎಂ.2 (ಎಸ್‌ಎಸ್‌ಡಿ ಕೂರಿಸುವ ಸ್ಲಾಟ್), ಸಿಮಾಸ್ ಬ್ಯಾಟರಿ, ಕೆಲವೊಮ್ಮೆ ಬಯಾಸ್ ಸೆಟ್ಟಿಂಗ್ ಅಳಿಸುವ ಸಿಮಾಸ್ ಕ್ಲಿಯರ್ ಜಂಪರ್ ಕೂಡ. ಎಕ್ಸ್‌ಪೋ ಕೈಕೊಟ್ಟಾಗ ಬೇಕಾಗುವುದೇ ಆ ಜಂಪರ್, ಪ್ರತಿ ಸಲ ಕಾರ್ಡ್ ಕಳಚಬೇಕಾದೀತು. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಮೇಲ್ಮುಖವಾಗಿದ್ದರೆ ಉದ್ದದ ಕಾರ್ಡ್ ಕೇಬಲ್ಲಿಗೆ ತಾಗುತ್ತದೆ, ಅಂಚಿಗೆ ಅಡ್ಡಲಾಗಿದ್ದರೆ ಒಳ್ಳೆಯದು. ಯುಎಸ್‌ಬಿ 3ರ 19 ಪಿನ್ ಪ್ಲಗ್ಗನ್ನು ಕಾರ್ಡ್ ಹಾಕುವ ಮೊದಲೇ ನೇರವಾಗಿ ಒತ್ತಿ. ವಾರೆಯಾಗಿ ಎಳೆದರೆ ಹೆಡರ್ರೇ ಕಿತ್ತುಬರುತ್ತದೆ.

ಮೇಲಿನ ಎಡಮೂಲೆಯ 8 ಪಿನ್ ಪವರ್ ಕೇಬಲ್ಲನ್ನು ಬೋರ್ಡ್ ಬಿಗಿಯುವ ಮೊದಲೇ ರಂಧ್ರದಿಂದ ತೂರಿಸಿಡಿ, ಕೂಲರ್ ಬಂದ ಮೇಲೆ ಅಲ್ಲಿ ಬೆರಳೂ ಹೋಗದು. ಎಂ.2 ಹೀಟ್‌ಸಿಂಕ್ ಪ್ಯಾಡಿನ ಪ್ಲಾಸ್ಟಿಕ್ ಹಾಳೆ ಸುಲಿಯುವುದು ಮರೆಯಬೇಡಿ.

ಹೊಸ_ಕ್ಯಾಬಿನೆಟ್:
ಎಕ್ಸ್‌ಪೋ ಹಾಕಿದರೆ ಬೂಟ್ ತುಂಬಾ ನಿಧಾನ. ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡಬಹುದಾ?

ಬಯಾಸ್_ಬಸವ:
ಮಾಡಬಹುದು, ಆದರೆ ಪವರ್ ಡೌನ್ ಎನೇಬಲ್ (ರ‍್ಯಾಮ್ ಬಿಡುವಾಗಿದ್ದಾಗ ವಿದ್ಯುತ್ ಉಳಿಸುವ ಸೆಟ್ಟಿಂಗ್) ಕೂಡ ಆನ್ ಇರಲಿ. ಅದಿಲ್ಲದೆ ಇದೊಂದನ್ನೇ ಹಾಕಿದರೆ ನೀಲಿ ಪರದೆ ಬರುವುದು ಗೊತ್ತಿರುವ ಕಾಯಿಲೆ. ಪ್ರತಿ ಬೂಟಿಗೂ ಹೊಸದಾಗಿ ಟ್ರೇನ್ ಮಾಡುವ ಬದಲು ಹಿಂದಿನ ಲೆಕ್ಕವನ್ನೇ ರಿಸ್ಟೋರ್ ಬಳಸುತ್ತದೆ. ಹಾಗಾಗಿ ಆನ್ ಮಾಡಿದ ಮೇಲೆ ಮೆಮ್‌ಟೆಸ್ಟ್ ಇನ್ನೊಮ್ಮೆ ಓಡಿಸಿ. ಸ್ಲೀಪ್‌ಗೆ ಹಾಕಿ ಎಬ್ಬಿಸಿ, ಎಸ್‌ಎಂಪಿಎಸ್ ಸ್ವಿಚ್ ಹತ್ತು ನಿಮಿಷ ಆರಿಸಿಟ್ಟು ಮತ್ತೆ ಹಾಕಿ. ಎರಡನ್ನೂ ನಾಲ್ಕೈದು ಸಲ ಮಾಡಿ. ಅಲ್ಲಿ ಎಡವಿದರೆ ರಿಸ್ಟೋರ್ ಆಫ್ ಮಾಡಿ, ನಿಧಾನದ ಬೂಟೇ ವಾಸಿ.