ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್: ಗೊತ್ತಿದ್ದವರು ದಾರಿ ಹೇಳಿ

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ರ. ತಂಗಿ ಮಂಗಳೂರಲ್ಲಿ ಎಮ್ಎಸ್ಸಿ ಸೈಕಾಲಜಿ ಕೊನೇ ವರ್ಷ. ಪಿಎಚ್‌ಡಿ ಮಾಡಿ ಊರಲ್ಲೇ ಕ್ಲಿನಿಕ್ ಇಡ್ಬೇಕು ಅಂತ ಅವಳ ಆಸೆ. ನೇರ ಪಿಎಚ್‌ಡಿಗೆ ಸೇರಿದ್ರೆ ಸಾಕಾ? ಹತ್ತನೇವರೆಗೆ ಕನ್ನಡ ಮೀಡಿಯಂ, ಅದು ತೊಂದರೆ ಆಗ್ತದಾ?

ಕುಂಬಳೆಯಿಂದ:
ಸಾಕಾಗುದಿಲ್ಲ. ಇದನ್ನು ಈಗ್ಲೇ ತಿಳ್ಕೊಳ್ಳಿ, ಯಾಕಂದ್ರೆ ಪಿಎಚ್‌ಡಿ ಸಂಶೋಧನೆಯ ಡಿಗ್ರಿ, ಹೆಸರಿನ ಮುಂದೆ ಡಾ. ಬರ್ತದೆ, ಕಾಲೇಜಲ್ಲಿ ಪಾಠ ಮಾಡ್ಲಿಕ್ಕೆ ಬಹಳ ಒಳ್ಳೇದು, ಆದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಲಿಕ್ಕೆ ಆರ್‌ಸಿಐ, ಅಂದ್ರೆ ದೆಹಲಿಯ ರಿಹ್ಯಾಬಿಲಿಟೇಶನ್ ಕೌನ್ಸಿಲ್, ಒಪ್ಪಿದ ಕೋರ್ಸ್ ಆಗಿ ಅವರ ರಿಜಿಸ್ಟರಲ್ಲಿ ಹೆಸರು ಇರ್ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆರ್‌ಸಿಐ ಮಾನ್ಯತೆ ಇದ್ದವರನ್ನೇ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳುದು.
ಇಷ್ಟು ವರ್ಷ ಆ ದಾರಿ ಅಂದ್ರೆ ಪಿಜಿ ಆದ್ಮೇಲೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ವರ್ಷದ ಫುಲ್‌ಟೈಮ್ ಎಮ್.ಫಿಲ್. ಪಿಜಿಯಲ್ಲಿ 55 ಪರ್ಸೆಂಟ್ ಕೇಳ್ತಿದ್ರು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಬೇರೆಲ್ಲ ಎಮ್.ಫಿಲ್ ನಿಲ್ಲಿಸಿದಾಗ ಇದಕ್ಕೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೂ ಮಾತ್ರ 2025-26ರ ಅಡ್ಮಿಷನ್‌ವರೆಗೆ ವಿನಾಯ್ತಿ ಕೊಟ್ಟಿತು. ಅದಕ್ಕೇ ಹಳಬರು ಹೇಳಿದ್ದನ್ನು ಹಾಗೇ ನಂಬ್ಬೇಡಿ, ನಾವೂ ಹಳಬರೇ, ಅರ್ಜಿ ಹಾಕುವ ವರ್ಷದ ಆರ್‌ಸಿಐ ಲಿಸ್ಟಲ್ಲಿ ಆ ಕಾಲೇಜು ಆ ಕೋರ್ಸು ಎರಡೂ ಉಂಟಾ ನೋಡಿಯೇ ಫೀಸ್ ಕಟ್ಟಿ. ಡಾಕ್ಟರೇಟೇ ಬೇಕು, ಪೇಷಂಟ್ ನೋಡುದೂ ಬೇಕು ಅಂತಾದ್ರೆ ಸೈ.ಡಿ. ಅಂತ ನಾಲ್ಕು ವರ್ಷದ ಕೋರ್ಸ್ ಉಂಟು, ಅದರಲ್ಲಿ ಕ್ಲಿನಿಕಲ್ ಟ್ರೈನಿಂಗ್ ಸೇರಿಯೇ ಇರ್ತದೆ. ಅದನ್ನು ಕಲಿಸುವ ಕಾಲೇಜು ಕಮ್ಮಿ, ಅಷ್ಟೆ. ನನ್ನನ್ನು ಕೇಳಿದ್ರೆ ಮೊದಲು ಲೈಸೆನ್ಸ್ ಸಿಗುವ ಕೋರ್ಸ್, ಪಿಎಚ್‌ಡಿ ಆಮೇಲೆ. ಕೆಲವು ಸಂಸ್ಥೆಗಳು ಪಿಎಚ್‌ಡಿಗೇ ಎಮ್.ಫಿಲ್ ಆದವರನ್ನು ಕೇಳ್ತಾರೆ.

ಪೆರ್ಲದಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಟ್ರೈನಿಂಗ್ ಬಗ್ಗೆ ಹೇಳ್ತೇನೆ. ಬೆಳಿಗ್ಗೆ ಒಪಿಡಿ, ವಾರ್ಡು, ಹಿಸ್ಟರಿ ತೆಗಿಯುದು, ಟೆಸ್ಟ್ ಮಾಡುದು, ರಿಪೋರ್ಟ್ ಬರೆದು ಸೂಪರ್‌ವೈಸರಿಗೆ ತೋರಿಸುದು, ಅವರು ಕೆಂಪು ಪೆನ್ನಲ್ಲಿ ಗೀಚಿದ್ಮೇಲೆ ಪುನಃ ಬರಿಯುದು, ಥೆರಪಿ ಕೇಸ್ ಬೇರೆ, ಡಿಸರ್ಟೇಶನ್ ಬೇರೆ. ಕೆಲಸಕ್ಕೆ ಹೋಗ್ತಾ ಮಾಡುವ ಕೋರ್ಸ್ ಅಲ್ಲವೇ ಅಲ್ಲ.
ಕನ್ನಡ ಮೀಡಿಯಂ ಬಗ್ಗೆ ತಲೆಬಿಸಿ ಬೇಡ. ರಿಪೋರ್ಟ್ ಇಂಗ್ಲಿಷಲ್ಲಿ ಹೌದು, ಅದು ಬರೀತಾ ಬರೀತಾ ಬರ್ತದೆ. ಆದ್ರೆ ಪೇಷಂಟ್ ಅಳುದು ಅವರ ಭಾಷೆಯಲ್ಲಿ ಅಲ್ವಾ? ನಮ್ಮ ಕಡೆಯ ಮಕ್ಕಳಿಗೆ ಕನ್ನಡ, ತುಳು, ಮಲಯಾಳ ಮೂರೂ ಬಾಯಲ್ಲಿ ಉಂಟು, ಬೆಂಗಳೂರಿನ ನಿಮ್ಹಾನ್ಸ್ ಆಗ್ಲಿ ಕೋಝಿಕ್ಕೋಡಿನ ಇಮ್‌ಹಾನ್ಸ್ ಆಗ್ಲಿ ಎಲ್ಲಿ ಹೋದ್ರೂ ಅವರು ಕೂತು ಮಾತಾಡಬಹುದು. ಬುದ್ಧಿಮಟ್ಟ ಅಳೆಯುವ ಬಿನೆ-ಕಾಮತ್ ಟೆಸ್ಟ್ ಈಗಲೂ ಬಳಕೆಯಲ್ಲಿ ಉಂಟು, ಅದನ್ನು ಕಾಮತ್‌ರು ಧಾರವಾಡದ ಕಡೆ ಕನ್ನಡ, ಮರಾಠಿ ಮಕ್ಕಳ ಮೇಲೆಯೇ ಪರೀಕ್ಷಿಸಿ ಹೊಂದಿಸಿದ್ದು. ಕಾಸರಗೋಡಲ್ಲಿ ಒಂದು ಮಗುವಿಗೆ ಟೆಸ್ಟ್ ಮಾಡ್ಬೇಕಾದ್ರೆ ಮನೆಭಾಷೆ ಗೊತ್ತಿಲ್ಲದವರು ಮಾಡಿದ್ರೆ ಅಂಕ ತಪ್ಪು ಬರ್ತದೆ, ಮಗುವಿಗೆ ಅನ್ಯಾಯ ಆಗ್ತದೆ. ನಿಮ್ಮ ತಂಗಿಯಂಥವರು ಇಲ್ಲಿಗೆ ಬರ್ಲೇಬೇಕು, ದಯವಿಟ್ಟು ಕೈಬಿಡಲಿಕ್ಕೆ ಬಿಡ್ಬೇಡಿ.

ಹೊಸಂಗಡಿಯಿಂದ:
ಪಿಎಚ್‌ಡಿಗೆ ಈಗ ಯುಜಿಸಿ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕವನ್ನೂ ತಗೊಳ್ತಾರೆ, ಕನಿಷ್ಠ ಮೂರು ವರ್ಷ ಬೇಕು. ಜೆಆರ್‌ಎಫ್ (ನೆಟ್ಟಲ್ಲಿ ಒಳ್ಳೆ ಅಂಕ ತೆಗೆದವರಿಗೆ ಕೊಡುವ ಸಂಶೋಧನಾ ಫೆಲೋಶಿಪ್) ಸಿಕ್ಕಿದ್ರೆ ಸ್ಟೈಪೆಂಡ್ ಬರ್ತದೆ, ಹಾಗಾಗಿ ಎಮ್ಎಸ್ಸಿ ಮುಗಿಯುವ ಮೊದಲೇ ನೆಟ್ ಬರೆದಿಡ್ಲಿ, ಕೊನೇ ವರ್ಷದವರಿಗೂ ಬಿಡ್ತಾರೆ. ಒಬಿಸಿ ಆದ್ರೆ ಸರ್ಟಿಫಿಕೇಟ್ ಕೇಂದ್ರದ ಫಾರ್ಮ್ಯಾಟಲ್ಲೇ ಮಾಡಿಸಿ. ರಾಜ್ಯದ ಲಿಸ್ಟ್ ಬೇರೆ ಕೇಂದ್ರದ್ದು ಬೇರೆ, ನಿಮ್ಹಾನ್ಸಿನಂಥ ಕಡೆ ರಾಜ್ಯದ್ದು ನಡಿಯುದಿಲ್ಲ. ಅರ್ಜಿ ಈಗ್ಲೇ ಹಾಕಿ.