ತಂದೆಯವರ ಸಿಂಗಲ್ ಆ್ಯಕ್ಷನ್ ರಿವಾಲ್ವರ್: ಕುಶಲಕರ್ಮಿ ಗೆಳೆಯರ ಕೈಗೆ ಯಾವ ಕೆಲಸ ಕೊಡಬಹುದು?

ತಿಲಕವಾಡಿಯವ, ಬೆಳಗಾವಿ

ಮಾನ್ಯರೇ, ನಮ್ಮ ತಂದೆಯವರು ಎಪ್ಪತ್ತು ದಾಟಿದ ಮೇಲೆ ತಮ್ಮ ಹೆಸರಿನಲ್ಲಿದ್ದ .22 ರಿವಾಲ್ವರನ್ನು ವಾರಸುದಾರನೆಂಬ ನೆಲೆಯಲ್ಲಿ ನನಗೆ ವರ್ಗಾಯಿಸಿಕೊಟ್ಟಿದ್ದಾರೆ. ಪರವಾನಗಿಯೂ ನನ್ನ ಹೆಸರಿಗೆ ಬಂದಿದೆ. ಅದು ರೂಗರ್ ಕಂಪನಿಯ ಹಳೆಯ ಸಿಂಗಲ್ ಸಿಕ್ಸ್, ಚೌಕಟ್ಟಿನ ಬದಿಯಲ್ಲಿ ಮೂರು ಸ್ಕ್ರೂಗಳಿರುವ, 1973ಕ್ಕಿಂತ ಹಿಂದಿನ ಮಾದರಿ. ಪ್ರತಿ ಗುಂಡಿಗೂ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆಯಬೇಕಾದ ಈ ಸಿಂಗಲ್ ಆ್ಯಕ್ಷನ್ ಬಗೆಯ ರಿವಾಲ್ವರಿನ ಹಿಡಿಕೆ ಮೊದಲೇ ಸಣ್ಣದು. ನನ್ನ ಅಂಗೈ ದೊಡ್ಡದಾದ್ದರಿಂದ ಕಿರುಬೆರಳು ಕೆಳಗೆ ಜಾರುತ್ತದೆ. ಹಿಡಿಕೆಯ ಒಂದು ಪಟ್ಟಿ ಸ್ಕ್ರೂ ಇರುವಲ್ಲಿ ಸೀಳಿದೆ, ನಳಿಗೆಯ ಕಪ್ಪು ಅಲ್ಲಲ್ಲಿ ಮಾಸಿದೆ, ಟ್ರಿಗರ್ ತುಸು ಬಿಗಿಯಾಗಿದೆ.

ನನ್ನ ಅದೃಷ್ಟಕ್ಕೆ ಗೆಳೆಯರೆಲ್ಲ ಕೈಗೆಲಸದವರು. ಒಬ್ಬರು ಉದ್ಯಮಬಾಗದಲ್ಲಿ ಲೇಥ್ ಮತ್ತು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡಿದ್ದಾರೆ. ಖಾನಾಪುರದ ಕಡೆಯ ಬಡಿಗೇರರೊಬ್ಬರು, ಅಥಣಿಯಲ್ಲಿ ಚಪ್ಪಲಿ ಮಾಡುವ ಚರ್ಮದ ಕುಶಲಿಯೊಬ್ಬರು, ಬೆಳ್ಳಿಯಲ್ಲಿ ಕೆತ್ತನೆ ಮಾಡುವ ಶಹಾಪುರದ ಪತ್ತಾರರೊಬ್ಬರು ಇದ್ದಾರೆ. ನಾಲ್ವರೂ 'ತಂದು ಕೊಡು, ಹೊಸದರಂತೆ ಮಾಡಿಕೊಡುತ್ತೇವೆ' ಎನ್ನುತ್ತಿದ್ದಾರೆ. ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ 1920ರ ದಶಕದ ಕೊನೆಯಲ್ಲಿ ಹೆರಾಲ್ಡ್ ಕ್ರಾಫ್ಟ್ ಎಂಬ ಗೆಳೆಯನ ಆಲೋಚನೆಗಳನ್ನು ಬಳಸಿ, ಬೇರೆ ಬೇರೆ ನುರಿತ ಕೈಗಳಿಂದ ಕೆಲಸ ಮಾಡಿಸಿ, ಕೋಲ್ಟ್ ರಿವಾಲ್ವರೊಂದನ್ನು ತನ್ನ ಕೈಗೆ ಒಪ್ಪುವಂತೆ ರೂಪಿಸಿಕೊಂಡದ್ದನ್ನು ಓದಿದಾಗಿನಿಂದ ನನಗೂ ಆಸೆ ಹುಟ್ಟಿದೆ. ಕ್ರಾಫ್ಟ್ ಬಳಿ ಒಂದರಿಂದ ನಾಲ್ಕರವರೆಗೆ ನಂಬರು ಹೊತ್ತ ರಿವಾಲ್ವರುಗಳಿದ್ದುದರಿಂದ ಕೀತ್ ತನ್ನದನ್ನು ಐದನೆಯ ನಂಬರು ಎಂದು ಕರೆದನಂತೆ. ಅದು .44 ಸ್ಪೆಷಲ್ ಎಂಬ ಗುಂಡಿನದು, ಅದರ ಹಿಡಿಕೆಯ ಚೌಕಟ್ಟು ಸಿಂಗಲ್ ಆ್ಯಕ್ಷನ್ ಆರ್ಮಿ ಮತ್ತು ಬಿಸ್ಲಿ ಎಂಬ ಎರಡು ಕೋಲ್ಟ್ ಮಾದರಿಗಳನ್ನು ಬೆಸೆದು ಮಾಡಿದ್ದು. ನನಗೆ ಅಷ್ಟು ದೂರ ಹೋಗುವ ಉದ್ದೇಶವಿಲ್ಲ. ನಮ್ಮ ದೇಶದ ಕಾನೂನಿನ ಒಳಗೆ ಈ ನಾಲ್ವರ ಕೈಗೆ ಯಾವ ಯಾವ ಕೆಲಸವನ್ನು ಒಪ್ಪಿಸಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಗೋಳಗುಮ್ಮಟದ ನೆರೆಯವ, ವಿಜಯಪುರ

ತಾವು ರಿವಾಲ್ವರನ್ನು ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕಿನ ತಯಾರಿಕೆ ಮತ್ತು ಮಾರಾಟವನ್ನಷ್ಟೇ ಅಲ್ಲ, ಅದರ ರಿಪೇರಿ, ಮಾರ್ಪಾಡು ಮತ್ತು ಪರೀಕ್ಷೆಯನ್ನೂ ಪರವಾನಗಿಯುಳ್ಳವರಿಗೆ ಮಾತ್ರ ಬಿಟ್ಟಿದೆ. ತಮ್ಮ ಬಳಿ ಇರುವುದು ಇಟ್ಟುಕೊಳ್ಳುವ ಮತ್ತು ಒಯ್ಯುವ ಪರವಾನಗಿ. ರಿಪೇರಿಯ ಪರವಾನಗಿ ಬೇರೆಯದೇ. 2019ರ ತಿದ್ದುಪಡಿಯ ನಂತರ ಈ ಕಲಮನ್ನು ಮೀರಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆವಾಸವಿದೆ. ಉದ್ಯಮಬಾಗದ ತಮ್ಮ ಗೆಳೆಯರು ಎಷ್ಟೇ ಕುಶಲರಾಗಿರಲಿ, ಸ್ನೇಹಕ್ಕಾಗಿ ಟ್ರಿಗರನ್ನು ಸಡಿಲಿಸಿಕೊಟ್ಟರೆ ತೊಂದರೆಗೆ ಸಿಲುಕುವವರಲ್ಲಿ ಅವರೇ ಮೊದಲಿಗರು.

3ನೇ ಕಲಮಿನಲ್ಲಿ ಒಂದು ವಿನಾಯಿತಿ ಇರುವುದು ನಿಜ: ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಲಿಖಿತ ಅಧಿಕಾರದಿಂದ ಬೇರೊಬ್ಬರು ಬಂದೂಕನ್ನು ರಿಪೇರಿಗೆ ಒಯ್ಯಬಹುದು. ಇದನ್ನೇ ಹಿಡಿದು 'ಚೀಟಿ ಬರೆದುಕೊಟ್ಟರೆ ಯಾರ ಬಳಿಯಾದರೂ ಬಿಡಬಹುದು' ಎನ್ನುವವರಿದ್ದಾರೆ. ಆ ಮಾತು ತಪ್ಪು. ಒಯ್ಯುವವನಿಗೆ ವಿನಾಯಿತಿ ಇದೆಯೇ ಹೊರತು ರಿಪೇರಿ ಮಾಡುವವನಿಗಲ್ಲ.

ಹಿಡಿಕೆಯ ಮರದ ಪಟ್ಟಿಯ ವಿಷಯ ಇಷ್ಟು ಕಠಿಣವಲ್ಲ, ಆದರೆ ಕಾಯ್ದೆಯು 'ಶಸ್ತ್ರ' ಎಂಬುದರೊಳಗೆ ಬಿಡಿಭಾಗಗಳನ್ನೂ ಸೇರಿಸಿರುವುದರಿಂದ, ಆರಂಭಿಸುವ ಮೊದಲು ಪರವಾನಗಿ ಕೊಟ್ಟ ಕಚೇರಿಗೆ ಒಂದು ಅರ್ಜಿ ಬರೆದು ಲಿಖಿತ ಉತ್ತರ ಪಡೆಯುವುದು ಲೇಸು. ಬೆಳಗಾವಿ ನಗರದಲ್ಲಿ ಅದು ಪೊಲೀಸ್ ಆಯುಕ್ತರ ಕಚೇರಿ, ಹೊರಗಿನ ತಾಲ್ಲೂಕುಗಳಿಗೆ ಜಿಲ್ಲಾ ದಂಡಾಧಿಕಾರಿಗಳು.

ಲೇಥ್ ಮಾಸ್ತರ, ಉದ್ಯಮಬಾಗ

ಹಿಂದಿನವರ ಮಾತು ಪೂರ್ತಿ ಸರಿ. ಕಬ್ಬಿಣದ ಕೆಲಸ ಮಾಡುವವನಾಗಿ ನಾನು ಕಾನೂನನ್ನು ಬದಿಗಿಟ್ಟೇ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಅನೇಕರಿಗೆ ಅರ್ಧ ಮಿಲಿಮೀಟರಿನ ನೂರನೇ ಒಂದು ಪಾಲನ್ನು ಹಿಡಿಯುವ ಕೈ ಇರುವುದರಿಂದ ಟ್ರಿಗರ್ ಕೂಡ ಒಂದು ಸಣ್ಣ ಜಾಬ್ ಎಂಬ ಭ್ರಮೆ ಹುಟ್ಟುತ್ತದೆ. ಹ್ಯಾಮರಿನ ಬುಡದ ಕಚ್ಚು ಮತ್ತು ಅದನ್ನು ತಡೆದು ನಿಲ್ಲಿಸುವ ಟ್ರಿಗರಿನ ತುದಿ, ಇವೆರಡೂ ಗಡಸುಗೊಳಿಸಿದ ಉಕ್ಕು. ಕಲ್ಲಿನಿಂದ ಎರಡೆಳೆ ಹೆಚ್ಚು ಉಜ್ಜಿದರೆ ಕೋನ ಬದಲಾಗುತ್ತದೆ. ಗಡಸು ಪದರ ತೆಳುವಾಗಿದ್ದರೆ ಕೆಳಗಿನ ಮೆತ್ತನೆಯ ಲೋಹ ಹೊರಬೀಳುತ್ತದೆ. ಮೊದಲ ದಿನ ಬೆಣ್ಣೆಯಂತೆ ಜಾರುವ ಟ್ರಿಗರ್ ಕೆಲವು ತಿಂಗಳಲ್ಲಿ ಸವೆದು, ಎಳೆಯದೆಯೇ ಹ್ಯಾಮರನ್ನು ಬಿಟ್ಟುಬಿಡಬಹುದು. ಹಳೆಯ ಮೂರು ಸ್ಕ್ರೂಗಳ ಮಾದರಿಯಲ್ಲಂತೂ ಈ ಅಪಾಯ ದುಪ್ಪಟ್ಟು: 1973ರ ಹೊಸ ಮಾದರಿಯಲ್ಲಿ ಬಂದ, ಟ್ರಿಗರ್ ಎಳೆಯದ ಹೊರತು ಹ್ಯಾಮರಿನ ಪೆಟ್ಟು ಗುಂಡಿಗೆ ತಲುಪದಂತೆ ನೋಡಿಕೊಳ್ಳುವ ಟ್ರಾನ್ಸ್‌ಫರ್ ಬಾರ್ ಎಂಬ ರಕ್ಷಣೆ ಇದರಲ್ಲಿ ಇಲ್ಲ. ಆದ್ದರಿಂದಲೇ ತಿಳಿದವರು ಇಂಥ ರಿವಾಲ್ವರಿನ ಆರು ಕೋಣೆಗಳಲ್ಲಿ ಐದನ್ನಷ್ಟೇ ತುಂಬಿ, ಹ್ಯಾಮರಿನ ಕೆಳಗಿನದನ್ನು ಖಾಲಿ ಬಿಡುತ್ತಾರೆ. ತಾವೂ ಹಾಗೆಯೇ ಮಾಡಬೇಕು.

ನಳಿಗೆಯ ಮಾಸಿದ ಕಪ್ಪಿನ ವಿಷಯ. ಬಫಿಂಗ್ ಚಕ್ರಕ್ಕೆ ಹಿಡಿದು ಹೊಳಪಿಸಿ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕಪ್ಪು ಬಣ್ಣ ಬರಿಸುವ ಸಂಸ್ಕರಣೆ) ಮಾಡಿಸುವ ಆಸೆಯನ್ನು ದಯವಿಟ್ಟು ಬಿಡಿ. ಬಫ್ ಚಕ್ರವು ಅಂಚುಗಳನ್ನು ಗುಂಡಾಗಿಸುತ್ತದೆ, ಅಕ್ಷರಗಳನ್ನು ತಿನ್ನುತ್ತದೆ; ಚೌಕಟ್ಟಿನ ಮೇಲಿನ ನಂಬರು ಓದಲಾಗದಂತಾದರೆ ಪರವಾನಗಿಯಲ್ಲಿರುವ ನಂಬರಿಗೆ ತಾಳೆ ಮಾಡಿ ತೋರಿಸುವುದು ಹೇಗೆ? ಬಂದೂಕಿನ ಗುರುತು ಅಳಿಸುವುದೇ ಒಂದು ಅಪರಾಧ, ಅಂಥ ಬಂದೂಕು ಯಾರ ಬಳಿ ಇದೆಯೋ ಅವರೇ ಅಳಿಸಿದ್ದಾರೆಂದು ಕಾಯ್ದೆ ಭಾವಿಸುತ್ತದೆ. ಅಷ್ಟಕ್ಕೂ ಬಳಸಿ ಮಾಸಿದ ಕಪ್ಪು ನನ್ನ ಕಣ್ಣಿಗೆ ಕುಂದಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತೆಳುವಾಗಿ ಎಣ್ಣೆ ಒರೆಸಿ ತುಕ್ಕಿನಿಂದ ಕಾಪಾಡಿದರೆ ಸಾಕು. ಟ್ರಿಗರ್ ನಿಜಕ್ಕೂ ತೊಂದರೆ ಕೊಡುತ್ತಿದ್ದರೆ ರಿಪೇರಿಯ ಪರವಾನಗಿಯುಳ್ಳ ಅಂಗಡಿಗೆ ತಾವೇ ಒಯ್ದು, ರಸೀದಿ ಪಡೆದು ಬಿಡಿ. ಎಷ್ಟೋ ಸಲ ಒಳಗೆ ಗಟ್ಟಿಯಾದ ಹಳೆಯ ಎಣ್ಣೆಯನ್ನು ತೊಳೆಯುವುದರಲ್ಲೇ ಅರ್ಧ ಬಿಗಿ ಹೋಗುತ್ತದೆ.

ಘಟಪ್ರಭಾ ದಂಡೆಯವ, ಮುಧೋಳ

ಕಬ್ಬಿಣವನ್ನು ಬಿಟ್ಟುಕೊಟ್ಟರೂ ತಮ್ಮ ಗೆಳೆಯರಿಗೆ ಸಾಕಷ್ಟು ಕೆಲಸ ಉಳಿಯುತ್ತದೆ ಎಂದು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. (1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಒಪ್ಪದೆ ಸಿಡಿದೆದ್ದ ಹಲಗಲಿಯ ಬೇಡರ ಸೀಮೆಯವನಾದರೂ ಇಂದಿನ ಕಾಯ್ದೆಯ ಬಗ್ಗೆ ನನ್ನ ತಕರಾರಿಲ್ಲ.) ರಿವಾಲ್ವರ್ ತಮ್ಮ ಮನೆಯ ಕಪಾಟಿನಲ್ಲಿಯೇ ಇರಲಿ. ಕಚೇರಿಯ ಒಪ್ಪಿಗೆ ಬಂದ ಮೇಲೆ ಹಿಡಿಕೆಯ ಎರಡು ಪಟ್ಟಿಗಳನ್ನು ಮಾತ್ರ ಬಿಚ್ಚಿ ಬಡಿಗೇರರಿಗೆ ಕೊಡಿ. ಹೊರದೇಶದಿಂದ ಸಿದ್ಧ ಪಟ್ಟಿ ತರಿಸುವುದಕ್ಕಿಂತ ಇದು ವಾಸಿ, ಏಕೆಂದರೆ ಹಳೆಯ ಸಿಂಗಲ್ ಸಿಕ್ಸ್‌ನ ಹಿಡಿಕೆಯ ಚೌಕಟ್ಟು ನಡುವೆ ಒಮ್ಮೆ ಬದಲಾಗಿದ್ದು, ಒಂದರ ಪಟ್ಟಿ ಇನ್ನೊಂದಕ್ಕೆ ಕೂಡುವುದಿಲ್ಲ; ತಮ್ಮದೇ ಪಟ್ಟಿಯನ್ನು ಅಚ್ಚಾಗಿ ಇಟ್ಟುಕೊಂಡರೆ ಆ ಗೊಂದಲವೇ ಇರುವುದಿಲ್ಲ.

ಮರಕ್ಕೆ ಬೀಟೆಯೇ ನನ್ನ ಆಯ್ಕೆ. ಹಳೆಯ ಮಂಚದ ಕಾಲಿನದೋ ಬಾಗಿಲ ಚೌಕಟ್ಟಿನದೋ ತುಂಡು ಸಿಕ್ಕರೆ ಬಹಳ ಒಳ್ಳೆಯದು, ಅದು ಹದವಾಗಿ ಒಣಗಿರುತ್ತದೆ. ಹಸಿ ಮರ ಬೇಡ: ಖಾನಾಪುರದ ಜುಲೈ ತಿಂಗಳ ತೇವದಲ್ಲಿ ಸರಿಯಾಗಿ ಕೂಡಿದ ಪಟ್ಟಿ ವಿಜಯಪುರದ ಏಪ್ರಿಲ್ ಬಿಸಿಲಿಗೆ ಕುಗ್ಗಿ ಅಂಚಿನಲ್ಲಿ ಸಂದು ಬಿಡುತ್ತದೆ. ಮರದ ಎಳೆ ಹಿಡಿಕೆಯ ಉದ್ದಕ್ಕೆ ಹರಿಯಬೇಕು, ಅಡ್ಡ ಬಂದರೆ ತುದಿ ಮುರಿಯುತ್ತದೆ. ಒಳಮೈ ಪೂರ್ತಿ ಸಮತಟ್ಟಾಗಿರಲಿ. ಒಂದು ಮೂಲೆ ಎತ್ತರವಾಗಿದ್ದು ಅದನ್ನು ಸ್ಕ್ರೂ ಬಿಗಿದು ಕೂಡಿಸಲು ಹೋದರೆ ಸೀಳುವುದು ಖಚಿತ, ತಮ್ಮ ಹಳೆಯ ಪಟ್ಟಿ ಸೀಳಿರುವುದೂ ಬಹುಶಃ ಹೀಗೆಯೇ. ಸ್ಕ್ರೂ ಕೂರುವಲ್ಲಿ ಸಣ್ಣ ಹಿತ್ತಾಳೆಯ ಬಳೆ ಹಾಕಬೇಕು; ಆ ಬಳೆಯನ್ನು ಲೇಥ್ ಗೆಳೆಯರು ತಮ್ಮ ಯಂತ್ರದಲ್ಲಿ ಕಡೆದುಕೊಡಲಿ, ಅವರ ಮನಸ್ಸಿಗೂ ಸಮಾಧಾನ. ಕಿರುಬೆರಳಿಗೆ ಜಾಗ ಬೇಕೆಂದರೆ ಪಟ್ಟಿಯನ್ನು ಚೌಕಟ್ಟಿನ ಕೆಳಗೆ ತುಸು ಇಳಿಸಿ, ಬುಡದಲ್ಲಿ ಅಗಲ ಬಿಡಬಹುದು. ಮೇಲ್ಭಾಗವನ್ನು ಮಾತ್ರ ದಪ್ಪ ಮಾಡಬೇಡಿ, ಹೆಬ್ಬೆರಳು ಹ್ಯಾಮರಿಗೆ ಎಟುಕದಂತಾಗುತ್ತದೆ.

ಮೇಲಿನ ಲೇಪಕ್ಕೆ ಕುದಿಸಿದ ಅಗಸೆ ಎಣ್ಣೆ ಸಾಕು. ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮತ್ತೆ ಹಚ್ಚುವುದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ, ಬಿಡಿಸಿ ಒಣಹಾಕಿ. ದಂತ ಮತ್ತು ಜಿಂಕೆಯ ಕೊಂಬನ್ನು ಯಾರಾದರೂ ತಂದು ತೋರಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನೆದು ಕೈಮುಗಿದುಬಿಡಿ. ಪತ್ತಾರರಿಗೆ ಚೌಕಟ್ಟಿನ ಮೇಲೆ ಕೆತ್ತುವ ಅವಕಾಶವಿಲ್ಲ, ಆದರೆ ಪಟ್ಟಿಯ ಮರದಲ್ಲಿ ಕೂರಿಸುವ ಬೆಳ್ಳಿಯ ಬಿಲ್ಲೆಯ ಮೇಲೆ ತಂದೆಯವರ ಹೆಸರಿನ ಮೊದಲಕ್ಷರವನ್ನು ಅವರು ಧಾರಾಳವಾಗಿ ಕೆತ್ತಬಹುದು.

ಇನ್ನು ಅಥಣಿಯವರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಆ ಗಟ್ಟಿ ಚರ್ಮ ಹೋಲ್‌ಸ್ಟರಿಗೆ (ಸೊಂಟಕ್ಕೆ ಕಟ್ಟುವ ರಿವಾಲ್ವರ್ ಒರೆಗೆ) ಹೇಳಿ ಮಾಡಿಸಿದಂತಿದೆ. ಚರ್ಮವನ್ನು ನೆನೆಸಿ ಅಚ್ಚಿಗೆ ಒತ್ತಿ ರೂಪ ಕೊಡಬೇಕಾಗುತ್ತದೆ. ಅದಕ್ಕೆ ರಿವಾಲ್ವರ್ ಬೇಕಿಲ್ಲ. ತಾವು ಮನೆಯಲ್ಲಿ ಅಳತೆ ತೆಗೆದುಕೊಟ್ಟರೆ ಬಡಿಗೇರರು ಅದೇ ಗಾತ್ರದ ಮರದ ಗೊಂಬೆಯೊಂದನ್ನು ಮಾಡಿಕೊಡುತ್ತಾರೆ. ಹ್ಯಾಮರಿನ ಮೇಲೆ ಹಾದು ರಿವಾಲ್ವರನ್ನು ಹಿಡಿದಿಡುವ ಒಂದು ಬಾರು ಇರಲಿ.

ತಿಲಕವಾಡಿಯವ, ಬೆಳಗಾವಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಟ್ರಿಗರ್ ಮತ್ತು ನಳಿಗೆಯ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಆಯುಕ್ತರ ಕಚೇರಿಗೆ ಅರ್ಜಿ ಬರೆಯುತ್ತಿದ್ದೇನೆ. ಒಂದೇ ಸಂದೇಹ: ಹೋಲ್‌ಸ್ಟರ್ ಸಿದ್ಧವಾದ ಮೇಲೆ ರಿವಾಲ್ವರನ್ನು ಅದರಲ್ಲೇ ಇಟ್ಟು ಕಪಾಟಿಗೆ ಬೀಗ ಹಾಕಬಹುದೇ?

ಲೇಥ್ ಮಾಸ್ತರ, ಉದ್ಯಮಬಾಗ

ಬೇಡ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ಆಮ್ಲದ ಅಂಶವೂ ಅದರಲ್ಲಿ ಉಳಿದಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚರ್ಮ ತಾಗಿದ ಕಡೆಯೆಲ್ಲ ತುಕ್ಕಿನ ಚುಕ್ಕೆಗಳು ಏಳುತ್ತವೆ. ಹೋಲ್‌ಸ್ಟರನ್ನು ಗಾಳಿಯಾಡುವ ಕಡೆ ತೂಗುಹಾಕಿ. ರಿವಾಲ್ವರನ್ನು ಖಾಲಿ ಮಾಡಿ, ಎಣ್ಣೆ ಒರೆಸಿ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಬೀಗದೊಳಗೆ ಇಡಿ. ಗುಂಡುಗಳಿಗೆ ಬೇರೆ ಬೀಗವಿರಲಿ.