ಬೂಟ್ ಶುರುವಿನಾಗೇ ಕರ್ನಲ್ ಕ್ರ್ಯಾಶ್ ಆದ್ರ ಲಾಗ್ ಹಿಡಿಯೋದು ಹ್ಯಾಂಗ?

ಪ್ರಶ್ನೆ, ಕಲಬುರಗಿ:
ಲ್ಯಾಬಿನ ಪಿಸಿಗೆ ಲಿನಕ್ಸ್ 6.6 ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ನಾವೇ ಕಂಪೈಲ್ ಮಾಡಿ ಹಾಕೀವಿ. ಗ್ರಬ್ (ಕರ್ನಲ್ ಆರಿಸೋ ಬೂಟ್ ಮೆನು) ದಾಟಿದ ಕೂಡ್ಲೇ ಸ್ಕ್ರೀನ್ ಕಪ್ಪಾಗಿ ಮಷಿನ್ ತಾನೇ ರೀಸ್ಟಾರ್ಟ್ ಆಗ್ತದ. ಕೆಡಂಪ್ (ಕ್ರ್ಯಾಶ್ ಆದಾಗ ಮೆಮೊರಿ ಉಳಿಸಿಡೋ ಸೌಲಭ್ಯ) ಆನ್ ಅದ, ಆದ್ರ ಕ್ರ್ಯಾಶ್ ಫೋಲ್ಡರ್ ಖಾಲಿ. ಸಿಸ್ಟಮ್ ಲಾಗ್ ಇಡೋ ಜರ್ನಲ್‌ನಾಗೂ ಒಂದು ಸಾಲಿಲ್ಲ. ಹಳೇ ಕರ್ನಲ್ ಆರಾಮ ಬೂಟ್ ಆಗ್ತದ. ಗೊತ್ತಿದ್ದವ್ರು ದಾರಿ ತೋರಸ್ರಿ.

ಬೀದರ್‌ನಿಂದ:
ಕೆಡಂಪ್ ಇಲ್ಲಿ ಕೆಲಸಕ್ಕ ಬರಂಗಿಲ್ರಿ. ಕ್ರ್ಯಾಶ್ ಕರ್ನಲನ್ನ (ಮೊದಲಿಂದು ಬಿದ್ದಾಗ ಡಂಪ್ ತೆಗೆಯೋ ಎರಡನೇ ಕರ್ನಲ್) ಮೆಮೊರಿಗೆ ತುಂಬೋದು ಒಂದು ಸರ್ವಿಸ್. ಅದು ಏಳೋದ್ರಾಗ ನಿಮ್ಮ ಮಷಿನ್ ಸತ್ತೇ ಹೋಗಿರ್ತದ. ಜರ್ನಲ್ ಕಥೀನೂ ಅದೇ.

ಮೊದಲ ಖರ್ಚಿಲ್ಲದ್ದು ಮಾಡ್ರಿ. ಗ್ರಬ್ ಮೆನುದಾಗ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗೋ ಸಾಲಿನಾಗ ‘ಕ್ವಯೆಟ್’, ‘ಸ್ಪ್ಲ್ಯಾಶ್’ ತೆಗೀರಿ. ಕೊನಿಗೆ ‘ಅರ್ಲಿಕಾನ್=ಇಎಫ್‌ಐಎಫ್‌ಬಿ ಕೀಪ್_ಬೂಟ್‌ಕಾನ್ ಇಗ್ನೋರ್_ಲಾಗ್‌ಲೆವೆಲ್ ಪ್ಯಾನಿಕ್=0’ ಸೇರಿಸಿ ಎಫ್10 ಒತ್ರಿ. ಯುಇಎಫ್‌ಐ (ಹೊಸ ಥರದ ಬಯೋಸ್) ಬೂಟ್ ಇದ್ರ ಗ್ರಾಫಿಕ್ಸ್ ಡ್ರೈವರ್ ಬರೋಕಿಂತ ಮೊದಲೇ ಅಕ್ಷರ ಕಾಣ್ತಾವ. ‘ಕೀಪ್_ಬೂಟ್‌ಕಾನ್’ ಬಿಟ್ರ, ಖರೇ ಕನ್ಸೋಲ್ (ಕರ್ನಲ್ ಮೆಸೇಜ್ ಬರೋ ಜಾಗ) ಬಂದ ಕೂಡ್ಲೇ ಬೂಟ್ ಕನ್ಸೋಲ್ ಬಂದ್ ಆಗ್ತದ. ಇಟ್ರ ಕೆಲವು ಸಾಲು ಎರಡೆರಡು ಸಲ ಬರ್ತಾವ, ಅದಕ್ಕ ಚಿಂತಿ ಬ್ಯಾಡ. ಸಾಲು ಓಡಿ ಹೋದ್ರ ಮೊಬೈಲ್‌ನಾಗ ಸ್ಲೋ ಮೋಷನ್ ವಿಡಿಯೋ ತಗೋರಿ. ‘ಬೂಟ್_ಡಿಲೇ=100’ ಹಾಕಿದ್ರ ಪ್ರತಿ ಸಾಲಿಗೆ 100 ಮಿಲಿಸೆಕೆಂಡ್ ನಿಲ್ತದ, ಸಾವಿರ ಸಾಲಿಗೆ 100 ಸೆಕೆಂಡ್. ಆದ್ರ ಕಾನ್ಫಿಗ್‌ನಾಗ ಬೂಟ್ ಪ್ರಿಂಟ್‌ಕೆ ಡಿಲೇ ಆನ್ ಇರಬೇಕು.

‘ಪ್ಯಾನಿಕ್=0’ ಅಂದ್ರ ಪ್ಯಾನಿಕ್ (ಕರ್ನಲ್ ಸುಧಾರಿಸ್ಕೊಳ್ಳಲಾರದ ತಪ್ಪು) ಆದ ಮ್ಯಾಲೆ ಅಲ್ಲೇ ನಿಲ್ಲು ಅಂತ. ಅಷ್ಟಾದ್ರೂ ರೀಸ್ಟಾರ್ಟ್ ಆದ್ರ ಟ್ರಿಪಲ್ ಫಾಲ್ಟ್ (ತಪ್ಪು ನಿಭಾಯಿಸೋದ್ರಾಗೂ ಮತ್ತ ತಪ್ಪಾಗಿ ಮಷಿನ್ ರೀಸೆಟ್ ಆಗೋದು) ಅಂತ ಸಂಶಯ ಪಡ್ರಿ. ಅದ್ರಾಗ ಕರ್ನಲ್‌ಗೆ ಏನೂ ಹೇಳೋ ಅವಕಾಶಾನೇ ಸಿಗಂಗಿಲ್ಲ.

ಯಾದಗಿರಿಯಿಂದ:
ಮ್ಯಾಲಿಂದು ಸರಿ ಅದ, ಆದ್ರ ಪೂರಾ ಲಾಗ್ ಬೇಕಂದ್ರ ಸೀರಿಯಲ್ ಪೋರ್ಟೇ ಬೇಕ್ರಿ. ಡೆಸ್ಕ್‌ಟಾಪ್ ಮದರ್‌ಬೋರ್ಡಿನಾಗ ‘ಕಾಮ್1’ ಅಂತ 9 ಪಿನ್ನಿನ ಹೆಡರ್ ಅದ ಏನ್ ನೋಡ್ರಿ. ಅದು ಆರ್‌ಎಸ್-232 (ಹೆಚ್ಚು ವೋಲ್ಟೇಜಿನ ಸೀರಿಯಲ್ ಪೋರ್ಟ್). ರಾಸ್ಪ್‌ಬೆರಿ ಪೈಗೆ ಹಚ್ಚೋ 3.3 ವೋಲ್ಟಿನ ಟಿಟಿಎಲ್ ಮಾಡ್ಯೂಲ್ ಇದಕ್ಕ ಹಚ್ಚಿದ್ರ ಸುಟ್ಟು ಹೋಗ್ತದ. ಬ್ರಾಕೆಟ್ ಕೇಬಲ್, ನಲ್ ಮೋಡೆಮ್ ಕೇಬಲ್ (ಕಳಿಸೋ, ಪಡೆಯೋ ತಂತಿ ಅದಲು-ಬದಲಾದದ್ದು), ಹಿಡಿಯೋ ಲ್ಯಾಪ್‌ಟಾಪಿಗೆ ಯುಎಸ್‌ಬಿ–ಆರ್‌ಎಸ್-232 ಅಡಾಪ್ಟರ್, ಇಷ್ಟೇ ಸಾಮಾನು. ಕೇಬಲ್ ನೀವೇ ಮಾಡೋದಾದ್ರ 2ನೇ ಪಿನ್ 3ಕ್ಕ, 3ನೇದು 2ಕ್ಕ, 5ನೇದು 5ಕ್ಕ.

ಕರ್ನಲ್ ಸಾಲಿಗೆ ‘ಅರ್ಲಿಪ್ರಿಂಟ್‌ಕೆ=ಸೀರಿಯಲ್,ಟಿಟಿವೈಎಸ್0,115200,ಕೀಪ್ ಕನ್ಸೋಲ್=ಟಿಟಿವೈಎಸ್0,115200’ ಹಾಕ್ರಿ. ಬರೀ ‘ಕನ್ಸೋಲ್=’ ಸಾಲಂಗಿಲ್ಲ, ಯಾಕಂದ್ರ ಸೀರಿಯಲ್ ಡ್ರೈವರ್ ಏಳೋತನಕ ಮೆಸೇಜ್ ಬಫರಿನಾಗೇ ಕುಂತಿರ್ತಾವ; ಅದಕ್ಕೂ ಮೊದಲ ಮಷಿನ್ ಬಿದ್ರ ಅಲ್ಲೇ ಹೋದ್ವು. ಲ್ಯಾಪ್‌ಟಾಪಿನಾಗ ಪಿಕೊಕಾಮ್ (ಸೀರಿಯಲ್ ಓದೋ ಪ್ರೋಗ್ರಾಮ್) 115200 ಸ್ಪೀಡಿಗೆ ಇಟ್ಟು, ಲಾಗ್ ಫೈಲ್ ಕೊಟ್ಟು ಮೊದಲೇ ತೆರೆದಿಡ್ರಿ.

ಕಸದಂಥ ಅಕ್ಷರ ಬಂದ್ರ ಸ್ಪೀಡ್ ತಪ್ಪಿರ್ತದ. ಏನೂ ಬರ್ಲಿಲ್ಲಂದ್ರ ಬಯೋಸ್‌ನಾಗ ಸೀರಿಯಲ್ ಪೋರ್ಟ್ ಆಫ್ ಇರ್ಬಹುದು, ಇಲ್ಲಾ ಸಾದಾ ಕೇಬಲ್ ತಂದಿರ್ತೀರಿ.

ಕಲಬುರಗಿ, ಇನ್ನೊಬ್ಬರು:
ಪಿಸ್ಟೋರ್ (ರೀಬೂಟ್ ಆದ್ರೂ ಕ್ರ್ಯಾಶ್ ಲಾಗ್ ಉಳಿಸೋ ಕರ್ನಲ್ ಸೌಲಭ್ಯ) ಬಗ್ಗೆ ಒಂದು ಮಾತು. ಅದ್ರಾಗ ಎರಡು ಬಗೆ ನೋಡ್ರಿ. ರ್‍ಯಾಮೂಪ್ಸ್ ಲಾಗ್ ರ್‍ಯಾಮಿನಾಗೇ ಉಳಿಯೋದು. ವಾರ್ಮ್ ರೀಬೂಟಿಗೆ ಸಿಗಬಹುದು, ಕರೆಂಟ್ ಹೋದ್ರ ಮುಗೀತು. ಬ್ಯಾಸಗ್ಯಾಗ ನಮ್ಮ ಕಡಿ ಯುಪಿಎಸ್ ಇಲ್ದ ಅದನ್ನ ನಂಬಬ್ಯಾಡ್ರಿ. ಇಎಫ್‌ಐ ಪಿಸ್ಟೋರ್ ಮದರ್‌ಬೋರ್ಡಿನ ಎನ್‌ವಿರ್‍ಯಾಮಿನಾಗ ಬರೀತದ, ಕರೆಂಟ್ ಹೋದ್ರೂ ಉಳೀತದ. ಆ ಜಾಗ ಭಾಳ ಸಣ್ಣದು, ಓದಿದ ಮ್ಯಾಲೆ ಫೈಲ್ ಅಳಿಸ್ರಿ. ಎರಡೂ ರಿಜಿಸ್ಟರ್ ಆಗೋಕಿಂತ ಮೊದಲಿನ ಕ್ರ್ಯಾಶ್ ಸಿಗಂಗಿಲ್ಲ. ನೆಟ್‌ಕನ್ಸೋಲ್ (ನೆಟ್‌ವರ್ಕ್ ಮ್ಯಾಲೆ ಲಾಗ್ ಕಳಿಸೋದು) ಅಂತೂ ನೆಟ್‌ವರ್ಕ್ ಕಾರ್ಡ್ ಎದ್ದ ಮ್ಯಾಲಿನ ಮಾತು.

ಟ್ರಿಪಲ್ ಫಾಲ್ಟ್ ಸಂಶಯ ಇದ್ರ ಅದೇ ಇಮೇಜನ್ನ ಕ್ಯೂಇಎಂಯುದಾಗ (ಪಿಸಿಯನ್ನ ನಕಲು ಮಾಡೋ ಪ್ರೋಗ್ರಾಮ್) ‘-ನೋ-ರೀಬೂಟ್ -ಡಿ ಇಂಟ್,ಸಿಪಿಯು_ರೀಸೆಟ್’ ಹಾಕಿ ಓಡಸ್ರಿ. ಕೊನೇ ಎಕ್ಸೆಪ್ಷನ್ ಯಾವ ವಿಳಾಸದಾಗ ಆತು ಅಂತ ಕಾಣ್ತದ. ಕೆವಿಎಂ (ಅದನ್ನ ಖರೇ ಸಿಪಿಯು ಮ್ಯಾಲೆ ಜೋರಾಗಿ ಓಡಸೋ ಸೌಲಭ್ಯ) ಆಫ್ ಇರ್ಲಿ. ಹಾರ್ಡ್‌ವೇರ್ ಡ್ರೈವರಿನ ತಪ್ಪಾದ್ರ ಇಲ್ಲಿ ಮರುಕಳಿಸಂಗಿಲ್ಲ.

ಲಾಗ್ ಸಿಕ್ಕ ಮ್ಯಾಲೆ ಕೊನೇ ಸಾಲು ಹಿಡ್ಕೊಂಡು ಕೂಡಬ್ಯಾಡ್ರಿ, ಮೊದಲನೇ ಊಪ್ಸ್ (ಕರ್ನಲ್ ತಪ್ಪಿನ ವರದಿ) ನೋಡ್ರಿ. ‘ಆರ್‌ಐಪಿ’ (ತಪ್ಪಾದಾಗ ಸಿಪಿಯು ಎಲ್ಲಿತ್ತು ಅನ್ನೋ) ಸಾಲಿನ ಫಂಕ್ಷನ್ ಹೆಸರು, ಆಫ್‌ಸೆಟ್ ಫೋಟೋದಾಗ ಸ್ಪಷ್ಟ ಇರ್ಲಿ. ಅದೇ ಬಿಲ್ಡಿನ ‘ವಿಎಂಲಿನಕ್ಸ್’ (ಕಂಪ್ರೆಸ್ ಆಗದ ಕರ್ನಲ್) ಫೈಲ್ ಇಟ್ಕೊಂಡ್ರ ಡಿಕೋಡ್ ಸ್ಟ್ಯಾಕ್‌ಟ್ರೇಸ್ ಸ್ಕ್ರಿಪ್ಟ್ ಸೋರ್ಸ್ ಸಾಲನ್ನೇ ತೋರಸ್ತದ. ಡಿಬಗ್ ಇನ್ಫೋ ಹಾಕಿ ಕಂಪೈಲ್ ಮಾಡಿರಬೇಕು.

ಪ್ರಶ್ನೆ ಕೇಳಿದವರು:
ಭಾಳ ಉಪಕಾರ ಆತ್ರಿ. ಬೋರ್ಡಿನಾಗ ಕಾಮ್ ಹೆಡರ್ ಇಲ್ಲ. ಆ ಪಿಸಿಗೇ ಯುಎಸ್‌ಬಿ ಸೀರಿಯಲ್ ಹಚ್ಚಿದ್ರ ನಡೀತದೇನ್ರಿ?

ಯಾದಗಿರಿಯಿಂದ:
ಇಲ್ರಿ, ಯುಎಸ್‌ಬಿ ಡ್ರೈವರ್ ಏಳೋತನಕ ಅದು ಮೂಕ. ಪಿಸಿಐಇ ಸೀರಿಯಲ್ ಕಾರ್ಡ್ ಹಾಕ್ರಿ. ಕಾರ್ಡ್‌ಗಳ ಪಟ್ಟಿ ತೋರಸೋ ‘ಎಲ್‌ಎಸ್‌ಪಿಸಿಐ’ ಕಮಾಂಡಿನಾಗ ಅದರ ನಂಬರ್ ನೋಡಿ, ಅದು 03:00.0 ಇದ್ರ ‘ಅರ್ಲಿಪ್ರಿಂಟ್‌ಕೆ=ಪಿಸಿಐಸೀರಿಯಲ್,03:00.0,115200’ ಅಂತ ಕೊಡ್ರಿ. 16550 ಅನ್ನೋ ಹಳೇ ಸೀರಿಯಲ್ ಚಿಪ್ಪಿಗೆ ಹೊಂದೋ ಕಾರ್ಡೇ ಇರ್ಲಿ.